ಮೊರೆತ ನಿಂತ ಕ್ಷಣ

ಒರೆಬ್ರೂ
೧೪ ಅಕ್ಟೋಬರ್ ೧೯೯೩

ಮುದ್ದಿನ ಇಲ್ವಾ,

ನಿನ್ನ ಕಾಗದ ಬಂತು. ಚಾಡಿ ಹೇಳಿ ಅಪ್ಪನ ಕೆಲಸ ಹೋಗುವಂತೆ ಮಾಡಿದವರು ಯಾರೆಂದು ಪತ್ತೆ ಮಾಡು, ನಾನವರನ್ನು ಸುಮ್ಮನೆ ಬಿಡುವುದಿಲ್ಲ ಎಂದು ಬರೆದಿದ್ದೀಯ. ಮೂರು ಸಲ ಉತ್ತರ ಬರೆದು ಹರಿದುಹಾಕಿದೆ.

ಅವತ್ತು ಹಾರುವ ವಿಮಾನದಲ್ಲಿ ನಮ್ಮ ಸದ್ದಡಗಿಸುವ ಯಂತ್ರದ ಕೊನೆಯ ಪರೀಕ್ಷೆ. ಪ್ರೊಪೆಲ್ಲರಿನ ಮೊರೆತವನ್ನು ಮೈಕುಗಳು ಹಿಡಿಯುತ್ತವೆ, ಗೋಡೆಯೊಳಗಿನ ಸ್ಪೀಕರುಗಳು ಅದಕ್ಕೆ ತದ್ವಿರುದ್ಧವಾದ ಸದ್ದು ಹೊರಡಿಸುತ್ತವೆ, ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಇಷ್ಟಕ್ಕೆ ನನ್ನ ಆರು ವರ್ಷ ಹೋಗಿತ್ತು. ವಿಮಾನದ ತಪಾಸಣೆ ಮಾಡುವ ನಿನ್ನ ಅಪ್ಪ ಮತ್ತು ಅವರ ಸ್ನೇಹಿತ ನಿಲ್ಸ್ ನನಗಿಂತ ಎರಡು ಸಾಲು ಹಿಂದೆ ಕೂತಿದ್ದರು. ಅವರಿಗೆ ಅಚ್ಚರಿಯಾಗಲಿ ಎಂದು ಹೇಳದೆಯೇ ಗುಂಡಿ ಒತ್ತಿದೆ.

ಮೊರೆತ ನಿಂತಿತು. ಮಾತಿನಲ್ಲಿ ಮುಳುಗಿ ಅದನ್ನು ಗಮನಿಸದ ನಿನ್ನ ಅಪ್ಪನ ದನಿ ಸ್ಪಷ್ಟವಾಗಿ ಕೇಳಿತು.

"ಎಡಗಡೆ ಎಂಜಿನ್ ಹಿಡಿದಿರೋ ಕಂಬಿ ಬಿರುಕು ಬಿಟ್ಟಿದೆ ಕಣೋ. ಬೆಳಿಗ್ಗೆನೇ ನೋಡಿದೆ. ವರದೀಲಿ ಬರೆದಿದ್ರೆ ವಿಮಾನ ಏಳ್ತಾನೇ ಇರ್ಲಿಲ್ಲ, ಗುನ್ವರ್ ಆರು ವರ್ಷ ಪಟ್ಟ ಪಾಡೆಲ್ಲ ನೀರುಪಾಲಾಗ್ತಿತ್ತು."

"ತಲೆ ಕೆಟ್ಟಿದೆಯೇನೋ ಆರ್ವಿಡ್? ಅವಳೂ ಒಳಗೇ ಇದಾಳಲ್ಲೋ!" ಇದು ನಿಲ್ಸನ ದನಿ.

"ಕೂದಲೆಳೆಯಷ್ಟೇ. ಇಳಿದ್ಮೇಲೆ ನೋಡ್ಕೊಳ್ಳೋಣ ಬಿಡು."

ಇಲ್ವಾ, ನಾನು ಬೆಲ್ಟ್ ಬಿಚ್ಚಿ ಎದ್ದೆ. ತಿರುಗಿ ನೋಡಲಿಲ್ಲ. ಸೀಟುಗಳನ್ನು ಹಿಡಿದುಕೊಂಡು ಪೈಲಟ್ ಕೆರ್ಸ್ಟಿನ್ ಹತ್ತಿರ ಹೋಗಿ ಕೇಳಿದ್ದನ್ನೆಲ್ಲ ಹೇಳಿದೆ. ಆಕೆ ನನ್ನ ಮುಖ ನೋಡಿ, "ಹೋಗಿ ಬೆಲ್ಟ್ ಬಿಗಿ ಮಾಡ್ಕೊಳ್ಳಿ" ಎಂದಷ್ಟೇ ಹೇಳಿ ಎಡ ಎಂಜಿನ್ ನಿಲ್ಲಿಸಿದಳು. ಹನ್ನೊಂದು ನಿಮಿಷದಲ್ಲಿ ಇಳಿದೆವು. ಬಿಚ್ಚಿ ನೋಡಿದಾಗ ಆ ಕಂಬಿ ಮುಕ್ಕಾಲು ಪಾಲು ಸೀಳಿತ್ತು. ಕೂದಲೆಳೆಯಂತೆ!

ಕೆರ್ಸ್ಟಿನ್ ವರದಿ ಕೊಟ್ಟಳು, ನಿನ್ನ ಅಪ್ಪನ ಕೆಲಸ ಹೋಯಿತು; ಆದರೆ ಯಾರು ಹೇಳಿದರೆಂದು ಆಕೆ ಬಾಯಿಬಿಡಲಿಲ್ಲ. ನಾನು ಯಂತ್ರದ ವಿಷಯಕ್ಕೆ ಆಕೆಯ ಹತ್ತಿರ ಹೋದೆನೆಂದೂ, ಮುಚ್ಚಿಟ್ಟದ್ದನ್ನು ಇಳಿದ ಮೇಲೆ ನಿಲ್ಸನೇ ಹೇಳಿದ್ದಾನೆಂದೂ ನಿನ್ನ ಅಪ್ಪ ನಂಬಿದರು. ಇಪ್ಪತ್ತು ವರ್ಷದ ಸ್ನೇಹಿತನ ಜೊತೆ ಐದು ವಾರಗಳಿಂದ ಮಾತಿಲ್ಲ. ಅವರು ನಿಲ್ಸನನ್ನು ಬೈಯುತ್ತಿದ್ದರೆ ನಾನು ತಲೆತಗ್ಗಿಸಿ ನಮ್ಮ ಮಾಮೂಲಿ ಗುರುವಾರದ ಬಟಾಣಿ ಸಾರು ಬಡಿಸುತ್ತಿದ್ದೆ. ನನಗೋಸ್ಕರ ಮುಚ್ಚಿಟ್ಟ ಮನುಷ್ಯನನ್ನು ನಾನೇ ಹಿಡಿದುಕೊಟ್ಟೆ. ಮತ್ತೆ ಆ ಸೀಟಿನಲ್ಲಿ ಕೂತರೂ ಅದನ್ನೇ ಮಾಡುತ್ತೇನೆ. ಆದರೆ ಅದನ್ನು ನಿಲ್ಸನ ತಲೆಗೆ ಕಟ್ಟಲು ಬಿಟ್ಟದ್ದಕ್ಕೆ ನನ್ನಲ್ಲಿ ಯಾವ ಸಬೂಬೂ ಇಲ್ಲ.

ನೀನು ಹುಡುಕುತ್ತಿದ್ದವಳು ನಾನೇ. ಸುಮ್ಮನೆ ಬಿಡುವುದೋ ಬೇಡವೋ, ನೀನೇ ಹೇಳು.

ನಿನ್ನ ಅಮ್ಮ,
ಗುನ್ವರ್

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮುಂಚೆ ಇದನ್ನು ನಿನ್ನ ಅಪ್ಪನ ಕೈಗೆ ಕೊಟ್ಟೆ. ಎರಡು ಸಲ ಓದಿದರು. ಕಾಗದ ಮಡಚಿ, "ಅಷ್ಟೊಂದು ನಿಶ್ಶಬ್ದ ಆಗಿತ್ತಾ?" ಎಂದು ಕೇಳಿದರು. ಹೌದೆಂದೆ. ಸ್ಟಾಂಪು ತಾವೇ ಹಚ್ಚಿ, ಸೈಕಲ್ ತೆಗೆದುಕೊಂಡು ನಿಲ್ಸನ ಮನೆಗೆ ಹೋದರು.