ಬಾಗಿಲಲ್ಲಿ ಬಿಸ್ಕತ್ತು ಬೇಡ

ಮಾವ, ಹಿರಿಯರಿಗೇ ಬುದ್ಧಿ ಹೇಳುತ್ತಾಳೆ ಅಂದುಕೊಳ್ಳಬೇಡಿ, ಕ್ಷಮಿಸಿ.

ನಾನು ಕೆಲಸಕ್ಕೆ ಹೊರಟಾಗಲೆಲ್ಲ ನಿಮ್ಮ ನಾಯಿ ದೊರೆ ಬಾಗಿಲಿಗೆ ಅಡ್ಡ ಮಲಗಿ ಗುರುಗುಟ್ಟುತ್ತಾನೆ. ನೀವು "ಸೊಸೇನ ಬಿಡೋಕೆ ಮನಸ್ಸಿಲ್ಲ ಕಣಮ್ಮ ಅವನಿಗೆ" ಎಂದು ನಗುತ್ತಾ ಬಿಸ್ಕತ್ತು ಕೊಟ್ಟು ಎಬ್ಬಿಸುತ್ತೀರಿ. ನನ್ನನ್ನು ತಡೆದರೆ ಬಿಸ್ಕತ್ತು ಸಿಗುತ್ತದೆ ಎಂದು ಅವನು ಕಲಿತಂತಿದೆ. ನಾನು ತಪ್ಪು ತಿಳಿದಿರಲೂಬಹುದು.

ಇನ್ನೊಂದು ದಿನ ತಡವಾದರೆ ಬರಲೇಬೇಡ ಎಂದಿದ್ದಾರೆ ಹೊಲಿಗೆ ಅಂಗಡಿಯ ಅಕ್ಕ. ನೀವಿನ್ನೂ ಸ್ನಾನದಲ್ಲಿದ್ದೀರಿ, ಅವನು ಬಾಗಿಲಲ್ಲಿದ್ದಾನೆ. ಅದಕ್ಕೇ ಈ ಚೀಟಿ ಬರೆದಿಟ್ಟು, ಹಿತ್ತಲ ಗೋಡೆ ಹತ್ತಿ ಕಳ್ಳರ ಹಾಗೆ ಹೋಗುತ್ತಿದ್ದೇನೆ.

ಅವನು ಎದ್ದುಹೋಗಿ ತನ್ನ ಗೋಣಿಯ ಮೇಲೆ ಕುಳಿತರೆ ಮಾತ್ರ ಬಿಸ್ಕತ್ತು ಕೊಡಿ. ಗುರುಗುಟ್ಟಿದರೆ ದಯವಿಟ್ಟು ನಗಬೇಡಿ.

ನಾಳೆ ಮುಂಬಾಗಿಲಿನಿಂದಲೇ ಹೊರಡುತ್ತೇನೆ. ಅವನು ದಾರಿ ಬಿಡುತ್ತಾನೋ ಇಲ್ಲವೋ ಗೊತ್ತಿಲ್ಲ. ಬಿಡದಿದ್ದರೆ ನೀವು ಯಾರ ಪರ ನಿಲ್ಲುತ್ತೀರೋ, ಅದೂ ನನಗೆ ಗೊತ್ತಿಲ್ಲ.