ಅಪ್ಪನ ಇಂಗ್ಲಿಷ್ ಪಾಠ

ಅವ್ವಾ,

ನೀನು ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಅಪ್ಪ ಈಗ ನನ್ನ ಶಿಷ್ಯ. ಪೆರಿಯಾರ್ ಅಣೆಕಟ್ಟಿನ ಇಂಗ್ಲಿಷ್ ದೊರೆಗಳು ನಮ್ಮ ಉತ್ತಮಪಾಳಯಕ್ಕೆ ಬಂದರೆ ಕಾಲುವೆ ನೀರು ಕೇಳಬೇಕಂತೆ. ನಿನ್ನೊಡನೆ ವಾದಿಸಿ ಪಳಗಿದ ಬಾಯಿಗೆ ದೊರೆ ಯಾವ ಲೆಕ್ಕ!

ಇವತ್ತು ‘ಡಿಪಾರ್ಟ್’, ಅಂದರೆ ಹೊರಡು, ಎಂಬ ಕ್ರಿಯಾಪದ ಹೇಳಿಕೊಟ್ಟೆ. “ಐ ಡಿಪಾರ್ಟ್” ಎನ್ನಲು ಅಪ್ಪ ಒಪ್ಪಲೇ ಇಲ್ಲ.

“ಲೇ ಪಿಚ್ಚೈ, ಮನೇಲಿ ಕುಂತ್ಕೊಂಡು ಬರೀ ‘ಹೋಯ್ತೀನಿ’ ಅನ್ಬೌದಾ? ‘ಹೋಗಿ ಬತ್ತೀನಿ’ ಅನ್ಬೇಕು. ದೊರೆಗೆ ಅವರವ್ವ ಕಲಿಸಿಲ್ವಾ?”

ಪ್ರತಿ ರೂಪಕ್ಕೂ “ಅಂಡ್ ಕಮ್” ಅಂಟಿಸಿಕೊಂಡೇ ವರ್ತಮಾನಕಾಲ ದಾಟಿದ. ನಾನು ನಗುತ್ತಾ ತಿದ್ದುತ್ತಲೇ ಇದ್ದೆ.

ಭೂತಕಾಲದಲ್ಲಿ “ಶಿ ಡಿಪಾರ್ಟೆಡ್”, ಅಂದರೆ ಅವಳು ಹೊರಟುಹೋದಳು, ಎಂದವನು ಅಡುಗೆಮನೆಯ ಕಡೆ ನೋಡಿದ. ಆಮೇಲೆ ಮೆಲ್ಲಗೆ ಸೇರಿಸಿದ: “ಅಂಡ್ ಕಮ್.”

ಅದನ್ನು ತಿದ್ದುವಷ್ಟು ಇಂಗ್ಲಿಷ್ ನನಗೆ ಕಾಲೇಜಿನಲ್ಲಿ ಯಾರೂ ಕಲಿಸಿಲ್ಲ, ಅವ್ವಾ.