ಹಳದಿ ಅಂಟಿನ ಅರ್ಜಿ

ಸಿಬ್ಬಂದಿ ವಸತಿಗೃಹ, ಐದನೇ ಮಹಡಿ
ನವೆಂಬರ್ ಹದಿನಾಲ್ಕು, ಮಂಗಳವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಚಳಿಗೆ ಮೊಣಕಾಲಿನ ನೋವು ಹೆಚ್ಚಾಗಿಲ್ಲ ತಾನೆ? ಊಟವನ್ನು ಕೂತು ಮಾಡುತ್ತೀಯೋ, ಈಗಲೂ ಒಲೆಯ ಮುಂದೆ ನಿಂತೇ ನಾಲ್ಕು ತುತ್ತು ನುಂಗಿ ಕೆಲಸಕ್ಕೆ ಓಡುತ್ತೀಯೋ? ಕೈ ಹೇಗಿದೆ ಎಂದು ಮೊದಲ ಸಾಲಿನಲ್ಲೇ ಕೇಳಬೇಕಿತ್ತು. ಕೇಳುವ ಮುಖ ನನಗಿಲ್ಲ, ಅದಕ್ಕೇ ಮೊಣಕಾಲಿನಿಂದ ಶುರು ಮಾಡಿದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ನನ್ನ ಚಿಂತೆ ಬಿಡು. ಶನಿವಾರ ಕಚೇರಿ ಮುಚ್ಚಿದ ಮೇಲೆ ಸೋಮವಾರ ಕಾವಲುಗಾರ ನಮಸ್ಕಾರ ಹೇಳುವವರೆಗೂ ನನ್ನ ದನಿ ನನಗೇ ಕೇಳಿಸುವುದಿಲ್ಲ, ಅಷ್ಟೆ. ಮೊನ್ನೆ ಚಹಾ ಉಕ್ಕಿ ಒಲೆಯೆಲ್ಲ ರಾಡಿಯಾದಾಗ ಪಾತ್ರೆಗೆ ಚೆನ್ನಾಗಿ ಬೈದೆ. ಬೈದ ಮೇಲೆ, ಪರವಾಗಿಲ್ಲ, ಗಂಟಲು ಇನ್ನೂ ನಡೆಯುತ್ತಿದೆ ಎಂದು ಸಮಾಧಾನವಾಯಿತು. ಪಕ್ಕದ ಮನೆಯವರು ಗೋಡೆಯಾಚೆ ನಕ್ಕರೆ ನಾನೂ ಇಲ್ಲಿ ಮುಗುಳ್ನಗುತ್ತೇನೆ, ಯಾವ ಮಾತಿಗೆ ನಕ್ಕರೆಂದು ಗೊತ್ತಿಲ್ಲದಿದ್ದರೂ.

ಎರಡು ವರ್ಷದಲ್ಲಿ ನಿನಗೆ ಏಳು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಫೋನಿನಲ್ಲಂತೂ ನೀನು ಮೊದಲಿನಿಂದಲೂ ಹ್ಞೂಂ, ಊಹ್ಞೂಂ, ಇಡ್ತೀನಿ ಎನ್ನುವುದರಾಚೆಗೆ ಹೋದವಳಲ್ಲ. ಮಾತೆಲ್ಲ ಕಾಗದದಲ್ಲೇ. ಅಮ್ಮ ಹೋದ ಮೇಲೆ ಹಾಸ್ಟೆಲ್ಲಿಗೆ ವಾರಕ್ಕೊಂದು ಬರುತ್ತಿತ್ತಲ್ಲ, ಆ ಮುತ್ತು ಪೋಣಿಸಿದಂಥ ಅಕ್ಷರ ನೋಡಿ ನಮ್ಮ ವಾರ್ಡನ್, ನಿಮ್ಮಕ್ಕ ಮೇಷ್ಟ್ರಾ ಎಂದು ಕೇಳಿದ್ದರು. ಇಲ್ಲ ಸಾರ್, ಚಪ್ಪಲಿ ಅಂಟಿಸ್ತಾಳೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದ್ದೆ. ಅಂಥ ಕೈಯಿಂದ ಎರಡು ವರ್ಷ ಒಂದು ಸಾಲೂ ಬಾರದಿದ್ದಾಗ, ಅಕ್ಕ ನನ್ನ ಮೇಲೆ ಮುನಿದಿದ್ದಾಳೆ ಎಂದುಕೊಂಡೆ. ಮುನಿಯಲು ಕಾರಣವೂ ಇತ್ತು. ಬರಬರುತ್ತಾ ನನಗೂ ಹಟ ಬಂತು, ಬರೆಯುವುದನ್ನು ನಿಲ್ಲಿಸಿದೆ.

ಆ ದಿನ ನಿನಗೂ ನೆನಪಿರಬೇಕು. ನೀನು ಇಲ್ಲಿಗೆ ಬಂದಿದ್ದಾಗ ಲೋಟ ನಿನ್ನ ಕೈಯಿಂದ ಜಾರಿ ಬಿತ್ತು. ಒಂದಲ್ಲ, ಬೆಳಗ್ಗೆಯಿಂದ ಮೂರನೆಯದು. ನೀನು ಚೂರು ಆಯುತ್ತಾ, ನನ್ನ ಬೆರಳಿಗೆ ನಿದ್ದೆ ಹತ್ತಿದೆ ಕಣೇ, ಎಬ್ಬಿಸಿದ್ರೂ ಏಳ್ತಿಲ್ಲ ಎಂದೆ. ಹೊಸ ಅಂಟು ಬಂದ ಮೇಲೇ ಹೀಗೆ, ನಮ್ಮ ಸಾಲಿನಲ್ಲಿ ಇನ್ನೂ ಮೂವರಿಗೆ ಹೀಗೇ ಆಗಿದೆ ಎಂದೆ. ನಾನು ಕಚೇರಿಯ ಕಾಗದ ನೋಡುತ್ತಿದ್ದವಳು ತಲೆಯೆತ್ತಲಿಲ್ಲ. ಹಳೇ ಅಂಟು ನರಕ್ಕೆ ಕೆಟ್ಟದ್ದು ಅಂತಲೇ ಅದನ್ನು ತೆಗೆದಿದ್ದು ಅಕ್ಕಾ, ಹೊಸದರಿಂದ ಹಾನಿ ಆಗುತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ, ನಿನಗೆ ರಕ್ತ ಕಡಿಮೆ ಇರಬೇಕು ಎಂದೆ. ನೀನು ಕೊನೆಯ ಚೂರು ಎತ್ತಿಟ್ಟು, ನೀನು ಓದಿದವಳು, ಹಾಗಿದ್ರೆ ಸರಿ ಎಂದೆ. ಅಷ್ಟೇ. ಮರುದಿನ ಬೆಳಗಿನ ರೈಲಿಗೇ ನೀನು ಊರಿಗೆ ಹೊರಟುಬಿಟ್ಟೆ.

ನನ್ನ ಕೆಲಸ ಏನೆಂದು ನಿನಗೆ ಎಂದೂ ಬಿಡಿಸಿ ಹೇಳಿಲ್ಲ. ರಾಸಾಯನಿಕ ಪರೀಕ್ಷೆ ಎಂದಿದ್ದೆ. ನೀನು ಓಣಿಗೆಲ್ಲ, ನಮ್ಮ ಚೂಟಿ ವಿಷ ರುಚಿ ನೋಡೋ ಕೆಲಸದಲ್ಲಿದ್ದಾಳೆ ಎಂದು ಹಬ್ಬಿಸಿದ್ದೆ. ರುಚಿ ನೋಡುವುದು ಇಲಿಗಳು, ಅದೂ ಬೇರೆ ಕಟ್ಟಡದಲ್ಲಿ. ಯಾವುದನ್ನು ಪರೀಕ್ಷೆಗೆ ಕಳಿಸಬೇಕು ಎಂದು ಆರಿಸುವ ವಿಭಾಗ ನಮ್ಮದು. ಲೋಕದಲ್ಲಿ ಬಳಕೆಯಲ್ಲಿರುವ ರಾಸಾಯನಿಕಗಳು ಸಾವಿರಾರು, ವರ್ಷಕ್ಕೆ ನಮ್ಮ ಕೈಲಾಗುವುದು ಎಂಟೋ ಒಂಬತ್ತೋ. ಆದ್ದರಿಂದ ಮೊದಲು ಅರ್ಜಿ ಕರೆಯುತ್ತೇವೆ. ವೈದ್ಯರು, ಕಾರ್ಮಿಕರು, ಗೃಹಿಣಿಯರು, ಯಾರು ಬೇಕಾದರೂ ಬರೆಯಬಹುದು. ಬಂದ ಪ್ರತಿ ಅರ್ಜಿಗೂ ನಾವು ಅವೇ ಪ್ರಶ್ನೆ ಕೇಳುತ್ತೇವೆ. ಈ ವಸ್ತು ಎಷ್ಟು ತಯಾರಾಗುತ್ತದೆ, ಎಷ್ಟು ಜನರ ಮೈಗೆ ಸೇರುತ್ತದೆ, ಉಸಿರಿನಿಂದಲೋ ಚರ್ಮದಿಂದಲೋ, ಇದರ ರಚನೆ ಈಗಾಗಲೇ ಕೆಟ್ಟದ್ದೆಂದು ಗೊತ್ತಿರುವ ಯಾವುದಕ್ಕಾದರೂ ದಾಯಾದಿಯೇ, ಬೇರೆ ಯಾರಾದರೂ ಪರೀಕ್ಷಿಸಿದ್ದಾರೆಯೇ. ಕೊನೆಗೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತು ಜಗಳವಾಡಿ ಪಟ್ಟಿ ಮಾಡುತ್ತೇವೆ. ಅಂಕಿಅಂಶದ ಹಿರಿಯರೊಬ್ಬರಿದ್ದಾರೆ, ಯಾವ ಅರ್ಜಿ ಬಂದರೂ ಕನ್ನಡಕ ಹಣೆಗೇರಿಸಿ, ಎಷ್ಟು ಜನ ಎಂದೇ ಬಾಯಿ ತೆರೆಯುವುದು. ಅವರ ನಿಜವಾದ ಹೆಸರು ಮರೆತು ನಾವೆಲ್ಲ ಎಷ್ಟುಜನ ಸಾರ್ ಎಂದೇ ಕರೆಯುತ್ತೇವೆ, ಹಿಂದಿನಿಂದ.

ಕಳೆದ ಜೂನ್‌ನಲ್ಲಿ ಅರ್ಜಿಗಳ ಕಟ್ಟು ಬಿಚ್ಚುವಾಗ ಒಂದು ಕಾಗದ ಸಿಕ್ಕಿತು. ಶಾಲೆಯ ನೋಟುಬುಕ್ಕಿನ ಹಾಳೆ, ಯಾರೋ ಮಗುವಿನ ದುಂಡು ಅಕ್ಷರ. ವಸ್ತುವಿನ ಹೆಸರು ಎಂಬಲ್ಲಿ, ಹಳದಿ ಅಂಟು ಎಂದಿತ್ತು. ಬಳಸುವ ಸ್ಥಳ ಎಂಬಲ್ಲಿ, ಚಪ್ಪಲಿಗೆ ಅಟ್ಟೆ ಅಂಟಿಸುವ ಕೋಣೆ, ಗಾಳಿಗೆ ಅಂಟು ಬೇಗ ಒಣಗುತ್ತದೆಂದು ಕಿಟಕಿ ತೆಗೆಯುವುದಿಲ್ಲ, ಫ್ಯಾನೂ ಹಾಕುವುದಿಲ್ಲ ಎಂದಿತ್ತು. ತೊಂದರೆ ಎಂಬಲ್ಲಿ ಒಂದೇ ಸಾಲು. ನಮ್ಮ ಬೆರಳಿಗೆ ನಿದ್ದೆ ಹತ್ತಿದೆ, ಎಬ್ಬಿಸಿದರೂ ಏಳುವುದಿಲ್ಲ. ಕೆಳಗೆ ಹನ್ನೊಂದು ಸಹಿ. ಮೊದಲನೆಯದು ನಿನ್ನದು. ಅಕ್ಕಾ, ಅದು ನಿನ್ನ ಸಹಿ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಹೊತ್ತು ಬೇಕಾಯಿತು. ಶಾಯಿಯಲ್ಲಿ ಬಿದ್ದ ಇರುವೆ ಎದ್ದು ನಡೆದು ಹೋದ ಹಾಗೆ ಒಂದು ಗೀಟು. ನಿನ್ನ ಕೈಗೆ ಪೆನ್ನು ಹಿಡಿಯಲಾಗುತ್ತಿಲ್ಲ ಎಂಬುದು ನನಗೆ ಆಗ ತಿಳಿಯಿತು. ಎರಡು ವರ್ಷ ನೀನು ಮುನಿಸಿಕೊಂಡಿದ್ದೀ ಎಂದು ನಾನು ಮುನಿಸಿಕೊಂಡು ಕೂತಿದ್ದೆ. ಕಚೇರಿಯ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೀರಿನ ಸದ್ದಿಗೆ ಯಾರಿಗೂ ಕೇಳಿಸಿರಲಿಕ್ಕಿಲ್ಲ.

ರಾಸಾಯನಿಕದ ಹೆಸರಿಲ್ಲದ ಅರ್ಜಿಯನ್ನು ನಾವು ಅಪೂರ್ಣ ಎಂದು ಬದಿಗಿಡುತ್ತೇವೆ. ಅರವತ್ತು ದಿನದೊಳಗೆ ಮಾಹಿತಿ ಬಾರದಿದ್ದರೆ ಮುಚ್ಚುತ್ತೇವೆ. ನಾನು ಎಲ್ಲರಿಗೂ ಕಳಿಸುವಂತೆ ನಿಮಗೂ ಅಚ್ಚು ಹಾಕಿದ ಪತ್ರ ಕಳಿಸಿದೆ, ಕೆಳಗೆ ಇಲಾಖೆಯ ಮುದ್ರೆ ಮಾತ್ರ. ನನ್ನ ಹೆಸರು ಹಾಕುವ ಧೈರ್ಯ ಬರಲಿಲ್ಲ, ನಿನಗೆ ಫೋನ್ ಮಾಡುವ ಧೈರ್ಯವೂ. ನಲವತ್ತನೇ ದಿನ ನಿಮ್ಮ ಲಕೋಟೆ ಬಂತು, ಒಳಗೆ ಡಬ್ಬಿಯಿಂದ ಸುಲಿದ ಚೀಟಿ, ಹಿಂಬದಿಗೆ ಇನ್ನೂ ಅಂಟು ಅಂಟು. ಅದರಲ್ಲಿ ಅಂಟನ್ನು ತೆಳ್ಳಗೆ ಮಾಡುವ ದ್ರಾವಕದ ಹೆಸರಿತ್ತು, ಓದಿದರೆ ಹಲ್ಲು ಅಲ್ಲಾಡುವಷ್ಟು ಉದ್ದ. ಅದನ್ನು ಬರೆದುಕೊಂಡು ದಾಖಲೆ ಕೋಣೆಗೆ ಹೋದೆ. ಅಲ್ಲಿಯ ಮುದುಕರು ಏಣಿ ಹತ್ತಿ ಕಡತ ತೆಗೆದು ಧೂಳು ಊದಿ, ತಗೊಳ್ಳಮ್ಮಾ, ಹಗುರವಾಗಿದೆ ಎಂದರು. ಒಳಗೆ ಒಂದೇ ಹಾಳೆ. ಕುದಿಯುವ ಬಿಂದು, ವಾಸನೆ, ಬೆಂಕಿ ಹತ್ತುವ ಗುಣ. ಮನುಷ್ಯರಿಗೆ ಏನಾಗುತ್ತದೆ ಎಂಬ ಜಾಗ ಖಾಲಿ. ಆಧಾರ ಇಲ್ಲ ಎಂದು ನಾನು ನಿನಗೆ ಹೇಳಿದ್ದು ಈ ಖಾಲಿ ಜಾಗವನ್ನು. ಹಾನಿ ಇಲ್ಲ ಎಂದು ನೋಡಿ ತಿಳಿದದ್ದಲ್ಲ, ಯಾರೂ ನೋಡಿರಲೇ ಇಲ್ಲ. ಈ ಎರಡಕ್ಕೂ ಅಜಗಜಾಂತರವಿದೆ ಎಂದು ಹೊಸದಾಗಿ ಸೇರಿದವರಿಗೆ ನಾನೇ ಪಾಠ ಮಾಡುತ್ತೇನೆ. ಊರಿಗೆಲ್ಲ ಬುದ್ಧಿ ಹೇಳುವವಳು ಸ್ವಂತ ಅಕ್ಕನ ಮುಂದೆ ಅದನ್ನು ಮರೆತೆ.

ಆಮೇಲಿನ ಒಂದು ವಾರ ನನಗೆ ಸರಿಯಾಗಿ ಅನ್ನ ಸೇರಲಿಲ್ಲ. ನಮ್ಮ ಮುಖ್ಯಸ್ಥೆಗಾಗಲೀ ಬೇರೆಯವರಿಗಾಗಲೀ ನೀನು ನನ್ನ ಅಕ್ಕ ಎಂದು ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಸಭೆಯಲ್ಲಿ ಕೂತು, ಎಲ್ಲ ಅರ್ಜಿಗಿಂತ ಇದಕ್ಕೇ ಗಟ್ಟಿಯಾಗಿ ವಾದ ಮಾಡಬಹುದಿತ್ತು. ಆದರೆ ಮುಂದೊಂದು ದಿನ ಅಂಟು ತಯಾರಿಸುವವರ ವಕೀಲ, ಆರಿಸಿದವಳೇ ಅರ್ಜಿದಾರಳ ತಂಗಿ ಎಂದು ಎತ್ತಿ ತೋರಿಸಿದರೆ ಹನ್ನೊಂದು ಜನರ ಸಹಿಯೂ ನೀರುಪಾಲಾಗುತ್ತಿತ್ತು. ಹೇಳಿದರೆ ನಾನು ಹೊರಗೆ, ಒಳಗೆ ನಿಮ್ಮ ಪರ ಒಂದು ದನಿಯೂ ಇಲ್ಲ. ಶುಕ್ರವಾರ ಮುಖ್ಯಸ್ಥೆಯ ಕೋಣೆಗೆ ಹೋಗಿ ಹೇಳಿಬಿಟ್ಟೆ. ಅವರು ಬರೆಯುತ್ತಿದ್ದುದನ್ನು ನಿಲ್ಲಿಸಿ, ಸ್ವಂತ ಅಕ್ಕನಾ ಎಂದರು. ಅಮ್ಮನ ಹಾಗೆ ನನ್ನನ್ನು ಸಾಕಿದ ಅಕ್ಕ ಎಂದೆ. ಈಗಲೇ ಹೇಳಿದ್ದು ಒಳ್ಳೇದಾಯ್ತು, ಕಡತ ಕೊಟ್ಟುಬಿಡಿ ಎಂದರು. ಕಡತ ಯಾರ ಕೈಗೆ ಹೋಯಿತು ಬಲ್ಲೆಯಾ? ಎಷ್ಟುಜನ ಸಾರ್ ಕೈಗೆ! ಅವರು ಅದನ್ನು ತೆರೆದು, ಹನ್ನೊಂದು ಜನಾನಾ ಎಂದು ನನ್ನ ಮುಖ ನೋಡಿದರು. ಕೆಲಸ ಕೆಟ್ಟಿತು ಎಂದುಕೊಂಡೆ.

ಸಭೆ ನಿನ್ನೆ ನಡೆಯಿತು. ಅರವತ್ತೊಂದು ಅರ್ಜಿ, ಒಂಬತ್ತು ಜಾಗ. ಹಳದಿ ಅಂಟಿನ ಸರದಿ ಬಂದಾಗ ಮುಖ್ಯಸ್ಥೆ ನನ್ನತ್ತ ನೋಡಿದರು, ಎದ್ದು ಹೊರಗೆ ಬಂದೆ. ಮೊಗಸಾಲೆಯಲ್ಲಿ ಮರದ ಬೆಂಚು, ಎದುರಿಗೆ ಅಗ್ನಿಶಾಮಕದ ಕೆಂಪು ಸಿಲಿಂಡರು. ಅದರ ಮೇಲಿನ ಸೂಚನೆಯನ್ನು ಎಷ್ಟು ಸಲ ಓದಿದೆನೋ, ಈಗ ಬೆಂಕಿ ಬಿದ್ದರೆ ನಾನೊಬ್ಬಳೇ ಆರಿಸಬಲ್ಲೆ. ಬಾಗಿಲ ಗಾಜಿನಾಚೆ ಬಾಯಿಗಳು ಆಡುವುದು ಕಾಣುತ್ತಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ. ಹದಿನೆಂಟು ವರ್ಷ ಆ ಮೇಜಿನ ಸುತ್ತ ಕೂತಿದ್ದೇನೆ ಅಕ್ಕಾ. ನಾವು ಒಳಗೆ ಇದು ಬೇಡ, ಇದು ಮುಂದಿನ ವರ್ಷ ಎನ್ನುವಾಗ ಹೊರಗೆ ಯಾರಾದರೂ ಹೀಗೆ ಕಾಯುತ್ತಿರುತ್ತಾರೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಐವತ್ತು ನಿಮಿಷದ ಮೇಲೆ ಎಷ್ಟುಜನ ಸಾರ್ ಹೊರಗೆ ಬಂದರು. ನನ್ನ ಪಕ್ಕ ಕೂತು ಕನ್ನಡಕ ಒರೆಸುತ್ತಾ, ನಲವತ್ತೊಂದು ಸಾವಿರ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಅವರು ಒಂದು ತಿಂಗಳು ಕಾರ್ಖಾನೆಗಳಿಗೆ ಒಂದೊಂದಾಗಿ ಫೋನ್ ಮಾಡಿ, ಇದೇ ದ್ರಾವಕ ಚೀಲ, ಸೋಫಾ, ಪುಸ್ತಕದ ರಟ್ಟು, ಆಟಿಕೆ ಎಲ್ಲಕ್ಕೂ ಹೋಗುತ್ತದೆಂದು ಪತ್ತೆ ಮಾಡಿದ್ದಾರೆ. ಅದನ್ನು ದಿನವೂ ಉಸಿರಾಡುವವರು ನಲವತ್ತೊಂದು ಸಾವಿರ ಜನ. ಹಳೆಯ ಕೆಟ್ಟ ದ್ರಾವಕಕ್ಕೆ ಇದು ರಚನೆಯಲ್ಲಿ ಹತ್ತಿರದ ನಂಟ ಎಂಬುದನ್ನೂ ಅವರೇ ಎತ್ತಿದರಂತೆ. ಯಾರೋ, ಅರ್ಜಿ ಹಾಕಿದ್ದು ಬರೀ ಹನ್ನೊಂದು ಜನ ಅಲ್ಲವೇ ಎಂದದ್ದಕ್ಕೆ, ಉಳಿದವರ ಕೈಲಿ ಪೆನ್ನು ಹಿಡಿಯೋಕಾಗುತ್ತಾ ಕೇಳಿ ನೋಡಿ ಎಂದರಂತೆ. ಆರಿಸಿದ ಒಂಬತ್ತರ ಪಟ್ಟಿಯಲ್ಲಿ ನಿಮ್ಮದು ಆರನೆಯದು.

ನಾನು ಅವರಿಗೆ ಥ್ಯಾಂಕ್ಸ್ ಕೂಡ ಹೇಳದೆ ಎದ್ದು ಬಂದೆ. ಮನೆಗೆ ಬಂದು, ಗೆದ್ದೆವು ಎಂದು ಹೇಳಲು ಯಾರಿದ್ದಾರೆ ಎಂದು ಸುತ್ತ ನೋಡಿದೆ. ಹೇಳಬೇಕಾದವಳು ನೀನೊಬ್ಬಳೇ. ನಿನ್ನೆಯೇ ಬರೆಯಲು ಕೂತೆ, ಪ್ರೀತಿಯ ಅಕ್ಕಾ ಎಂದು ಬರೆದು ಮುಂದಕ್ಕೆ ಹೋಗಲಾಗಲಿಲ್ಲ. ಯಾಕೆಂದರೆ ಇದು ಗೆಲುವೂ ಅಲ್ಲ. ಮೊದಲು ಗಾಜಿನ ತಟ್ಟೆಯಲ್ಲಿ ಜೀವಕೋಶದ ಮೇಲೆ ಪರೀಕ್ಷೆ, ಆಮೇಲೆ ಇಲಿಗಳ ಮೇಲೆ ಮೂರು ತಿಂಗಳು, ಸಂದೇಹ ಉಳಿದರೆ ಎರಡು ವರ್ಷ, ಆಮೇಲೆ ಹೊರಗಿನ ಪಂಡಿತರು ತಪ್ಪು ಹುಡುಕಬೇಕು, ಆಮೇಲೆ ವರದಿ. ಐದು ವರ್ಷ ಹಿಡಿದೇ ಹಿಡಿಯುತ್ತದೆ. ಅವಸರ ಮಾಡಿದರೆ ಉತ್ತರ ನಂಬುವಂತಿರುವುದಿಲ್ಲ. ಕಚೇರಿಯಲ್ಲಿ ಇದು ನನಗೆ ಎಂದೂ ದೀರ್ಘ ಕಾಲ ಅನ್ನಿಸಿರಲಿಲ್ಲ.

ಅರ್ಜಿ ನನ್ನ ಮೇಜಿಗೇ ಬರುತ್ತದೆಂದು ನಿನಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳುವುದಿಲ್ಲ. ತಂಗಿ ಕೇಳಿಸಿಕೊಳ್ಳದಿದ್ದಾಗ ನೀನು ನ್ಯಾಯವಾದ ದಾರಿ ಹಿಡಿದು ಇಲಾಖೆಗೆ ಬರೆದೆ. ನನಗಿಂತ ನೀನೇ ದೊಡ್ಡ ವಿಜ್ಞಾನಿ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ. ಅಕ್ಷರ ಬರೆದುಕೊಟ್ಟ ಮಗುವಿಗೆ ಮುದ್ದು, ಹತ್ತು ಜನ ಗೆಳತಿಯರಿಗೆ ನಮಸ್ಕಾರ. ನಿನ್ನ ಕಾಲಿಗೆ ಬಿದ್ದು ಆಶೀರ್ವಾದ ಬೇಡುವ,

ನಿನ್ನ
ಚೂಟಿ

ತಾ.ಕ.: ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಐದು ವರ್ಷ ಇಲಾಖೆ ಕಾಯಲಿ, ನೀನು ಕಾಯಬೇಡ. ಈ ಕಾಗದ ಮುಟ್ಟಿದ ದಿನದಿಂದ ಆ ಅಂಟಿನ ಡಬ್ಬಿ ಮುಟ್ಟಬೇಡ, ಉಳಿದವರಿಗೂ ಹೇಳು. ಮೇಸ್ತ್ರಿ ಗದರಿದರೆ, ತಂಗಿ ಬರ್ತಾಳೆ, ಅವಳ ಹತ್ರವೇ ಮಾತಾಡಿ ಅನ್ನು. ಶನಿವಾರ ಮಧ್ಯಾಹ್ನದ ರೈಲಿಗೆ ಬರುತ್ತಿದ್ದೇನೆ. ನನ್ನ ಜೊತೆ ಓದಿದವಳು, ಈಗ ನರಗಳ ವೈದ್ಯೆ, ಅವಳೂ ನರ ಪರೀಕ್ಷಿಸುವ ಯಂತ್ರ ಹೊತ್ತು ಬರುತ್ತಿದ್ದಾಳೆ. ಹನ್ನೊಂದು ಜನರೂ ಭಾನುವಾರ ನಿನ್ನ ಮನೆಯಲ್ಲಿರಲಿ. ಕೆಲವರ ನರ ಇನ್ನೂ ಚೇತರಿಸಿಕೊಳ್ಳಬಹುದು ಅನ್ನುತ್ತಾಳೆ, ಎಲ್ಲರದ್ದೂ ಎಂದು ಮಾತು ಕೊಡಲಿಲ್ಲ. ಅವಳು ಸೋಮವಾರ ವಾಪಸ್ಸು. ನಾನು ಒಂದು ತಿಂಗಳು ರಜೆ ಹಾಕಿದ್ದೇನೆ, ನಿನಗೆ ತುತ್ತು ಕಲಸಿ ಕೊಡಲಾದರೂ ಒಬ್ಬರು ಬೇಕಲ್ಲ. ಬರಬೇಡ ಅನ್ನಬೇಕೆನಿಸಿದರೆ ಧಾರಾಳವಾಗಿ ಅನ್ನು, ಬಂದು ಎದುರಿಗೆ ಕೂತು ಕೇಳಿಸಿಕೊಳ್ಳುತ್ತೇನೆ.